ಹಳೇ ಠಾಣೆಯ ಗೋಡೆಗೆ ಸಿಮೆಂಟ್ ಬೇಡ

ಸಂಪಾದಕರೇ,

ಚಿಕ್ಕಮಗಳೂರು ಜಿಲ್ಲೆಯ ನಮ್ಮ ಪೇಟೆಯಲ್ಲಿ ಹಳೇ ಪೊಲೀಸ್ ಠಾಣೆಯ ರಿಪೇರಿ ಶುರುವಾಗಿದೆ. ಕೆಡವಿಬಿಡುತ್ತಾರೇನೋ ಅಂತ ಹೆದರಿದ್ದ ನನಗೆ ಖುಷಿಯೇ ಆಯಿತು. ಆದರೆ ಮೊನ್ನೆ ಆ ಕಡೆ ಹೋದಾಗ ಜಗಲಿಯಲ್ಲಿ ಸಿಮೆಂಟ್ ಮೂಟೆ ಪೇರಿಸಿಟ್ಟಿದ್ದು ನೋಡಿ ಹೊಟ್ಟೆ ಉರಿಯಿತು.

ಆ ಗೋಡೆ ಕಟ್ಟಿರೋದು ಗಾರೆಯಲ್ಲಿ. ಸುಟ್ಟ ಸುಣ್ಣಕ್ಕೆ ಮರಳು ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಮಾಡುತ್ತಿದ್ದ ಗಾರೆ. ಅದು ಮಳೆಗಾಲದಲ್ಲಿ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಬಳಿದು ಆಯಿಲ್ ಪೇಂಟ್ ಹೊಡೆದರೆ ಆ ತೇವ ಎಲ್ಲಿಗೆ ಹೋಗಬೇಕು? ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ, ಬಿಳಿ ಉಪ್ಪು ಹೊರಗೆ ಬರುತ್ತದೆ, ಕೊನೆಗೆ ಸಿಮೆಂಟೂ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ನಮ್ಮಜ್ಜನ ಮನೆ ಗೋಡೆ ಹೀಗೇ ಹಾಳಾಯಿತು.

ಜಗಲಿ ಮುಚ್ಚಿ ಅಲ್ಯುಮಿನಿಯಂ ಕಿಟಕಿ ಹಾಕುತ್ತಾರೆ ಅಂತಲೂ ಕೇಳಿದೆ. ದಯವಿಟ್ಟು ಬೇಡ. ಕಟ್ಟಿದವರು ಸುಮ್ನೆ ಕಟ್ಟಿಲ್ಲ. ಬಾಗಿಲಲ್ಲಿ ನಿಂತ ಸೆಂಟ್ರಿಗೆ ರಸ್ತೆಯೂ ಕಾಣುತ್ತದೆ, ಲಾಕಪ್ಪೂ ಕಾಣುತ್ತದೆ. ಗೋಡೆ ದಪ್ಪ, ಮಾಡು ಎತ್ತರ, ಬಿಸಿಗಾಳಿ ಹೋಗಲು ಮೇಲೆ ಬೆಳಕಿಂಡಿ. ನಾನು ಚಿಕ್ಕವನಿದ್ದಾಗ ಕಣದಲ್ಲಿ ಒಣಹಾಕಿದ್ದ ಮೆಣಸು ಕಳುವಾಗಿ ಅಪ್ಪನ ಜೊತೆ ಅಲ್ಲಿಗೆ ಹೋಗಿದ್ದೆ. ಧೋ ಅಂತ ಮಳೆ. ದೂರು ಕೊಡಲು ಬಂದವರೆಲ್ಲ ಕಂಬಳಿ ಕೊಪ್ಪೆ ಬಿಚ್ಚಿಟ್ಟು ಆ ಜಗಲಿಯಲ್ಲೇ ಕೂತಿದ್ದರು, ಒಳಗಿಂದ ರೈಟರ್ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಈಗಲೂ ಹಳ್ಳಿಯಿಂದ ಬಂದವರು ಕಾಯಲು ಒಂದು ಜಾಗ ಬೇಕಲ್ವಾ?

ಇನ್ನೊಂದು ವಿಷಯ. ಹೆಂಚಿನ ಮೇಲೆ 1865 ಅಂತ ಅಚ್ಚಿದೆ, ಹಾಗಾಗಿ ಠಾಣೆಯೂ ಆ ವರ್ಷದ್ದೇ ಅಂತ ಊರಲ್ಲಿ ಹೇಳುತ್ತಾರೆ. ಆದರೆ ಅದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಎಷ್ಟೋ ವರ್ಷ ಆದ ಮೇಲೆ ಸುಟ್ಟ ಹೆಂಚಿಗೂ ಅದೇ ಇಸವಿ ಒತ್ತುತ್ತಿದ್ದರು. ಜಿಲ್ಲಾ ಕೇಂದ್ರ ಕಡೂರಿನಿಂದ ಚಿಕ್ಕಮಗಳೂರಿಗೆ ಬಂದಿದ್ದೂ 1865ರಲ್ಲೇ, ಅದರಿಂದ ಗೊಂದಲ ಜಾಸ್ತಿಯಾಗಿರಬಹುದು. ಮೈಸೂರು ಆಗ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು, ಅರಸರಿಗೆ ವಾಪಸ್ ಸಿಕ್ಕಿದ್ದು 1881ರಲ್ಲಿ. ಹಿಂದೆ ತಾಲ್ಲೂಕಿನ ಕಾವಲು ಅಮಲ್ದಾರರ, ಅಂದರೆ ಆಗಿನ ತಾಲ್ಲೂಕು ಅಧಿಕಾರಿಗಳ, ಕೈಕೆಳಗಿದ್ದ ಕಂದಾಚಾರ ಅನ್ನೋ ಹಳೇ ಕಾವಲು ಪಡೆಯ ಪೇದೆಗಳದ್ದು, ಹಳ್ಳಿಯಲ್ಲಿ ತಳವಾರರದ್ದು. ಅಲ್ಲಿಂದ ಈ ಠಾಣೆಯವರೆಗಿನ ಕಥೆ ನಮ್ಮ ಮಕ್ಕಳಿಗೂ ಗೊತ್ತಾಗಬೇಕು. ಲೋಕೋಪಯೋಗಿ ಇಲಾಖೆಯ ಹಳೇ ಕಡತ ತೆಗೆದು ಸರಿಯಾದ ಇಸವಿ ಹುಡುಕಿ, ಆಮೇಲೆ ಬೋರ್ಡ್ ಹಾಕಿ.

ಒಂದು ಗೋಡೆಗೆ ಆಗಲೇ ಸಿಮೆಂಟ್ ಬಿದ್ದಿದೆ. ಉಳಿದ ಗೋಡೆ ಮುಟ್ಟುವ ಮೊದಲು ಗಾರೆ ಕೆಲಸ ಬಲ್ಲ ಮೇಸ್ತ್ರಿಯನ್ನು ಕರೆಸಿ ತೋರಿಸಿ.

– ಒಬ್ಬ ಓದುಗ, ಚಿಕ್ಕಮಗಳೂರು ಜಿಲ್ಲೆ