ಕಾಂಡ್ಲಾ ಕಾಡು: ಊರವರು ಗುಂಡಿ ತೋಡಲು ಮಾತ್ರವೇ?

ಮಾನ್ಯರೇ,

ಪ್ರತಿ ಜುಲೈ 26ರಂದು, ಉಬ್ಬರದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳ ಸಂರಕ್ಷಣಾ ದಿನ, ಎಷ್ಟು ಸಸಿ ನೆಟ್ಟರೆಂಬುದು ಸುದ್ದಿಯಾಗುತ್ತದೆ. ಮೂರು ವರ್ಷದ ಬಳಿಕ ಎಷ್ಟು ಉಳಿದವೆಂದು ಕೇಳುವವರು ಕಡಿಮೆ.

ಸಸಿಗಳು ಸಾಯುವುದು ಬಹುತೇಕ ಜಾಗದ ತಪ್ಪು ಆಯ್ಕೆಯಿಂದ. ಕಾಂಡ್ಲಾ ಬೆಳೆಯುವುದು ಸಮುದ್ರದ ಸರಾಸರಿ ಮಟ್ಟಕ್ಕೂ ದೊಡ್ಡ ಉಬ್ಬರದ ಗೆರೆಗೂ ನಡುವಿನ ಪಟ್ಟಿಯಲ್ಲಿ. ಅದಕ್ಕಿಂತ ತಗ್ಗಿನ ಕೆಸರು ಬಯಲಿಗೆ ಒಡೆತನದ ತಕರಾರಿಲ್ಲವೆಂದು ಅಲ್ಲೇ ರೈಜೋಫೊರಾ ಎಂಬ ಕಾಂಡ್ಲಾ ಜಾತಿಯ ಕೋಡುಗಳನ್ನು (ಮರದಲ್ಲಿದ್ದಾಗಲೇ ಮೊಳೆತ ಉದ್ದನೆಯ ಬೀಜಗಳನ್ನು) ಸಾಲಾಗಿ ಊರುತ್ತಾರೆ. ಬಹುಹೊತ್ತು ಮುಳುಗಿರುವ ಸಸಿಯ ಬೇರಿಗೆ ಗಾಳಿ ಸಿಗುವುದಿಲ್ಲ. ಕಾಂಡಕ್ಕೆ ಬಾರ್ನಕಲ್ ಎಂಬ ಚಿಪ್ಪುಳ್ಳ ಕಡಲಜೀವಿ ಕಚ್ಚಿಕೊಂಡು ಭಾರಕ್ಕೆ ಬಾಗುತ್ತದೆ, ಅಲೆ ಕಿತ್ತೊಯ್ಯುತ್ತದೆ. ಆ ಬಯಲು ಕಪ್ಪೆಚಿಪ್ಪು ಹೆಕ್ಕುವ ಹೆಂಗಸರ ದುಡಿಮೆಯ ನೆಲವೂ ಆಗಿರಬಹುದು. ಅವರನ್ನು ಯಾರೂ ಕೇಳಿರುವುದಿಲ್ಲ.

ನೆಡುವ ಮುನ್ನ ಕೇಳಬೇಕಾದದ್ದು ಒಂದೇ: ಇಲ್ಲಿ ತಾನಾಗಿ ಗಿಡ ಏಕೆ ಹುಟ್ಟುತ್ತಿಲ್ಲ? ಒಡ್ಡು ನೀರನ್ನು ತಡೆದಿದ್ದರೆ ಒಡ್ಡು ಒಡೆಯಬೇಕು. ದನ ಮೇಯುತ್ತಿದ್ದರೆ ಮೇಯಿಸುವವರೊಡನೆ ಕೂತು ಮಾತಾಡಬೇಕು. ನೀರು ಬಂದರೂ ಬೀಜ ಬರದಿದ್ದರೆ ಮಾತ್ರ ನೆಡಬೇಕು, ಅದೂ ಹಲವು ಜಾತಿ ಬೆರೆಸಿ. ಅಮಾವಾಸ್ಯೆ, ಹುಣ್ಣಿಮೆ ಎರಡೂ ಬರುವಂತೆ ಒಂದು ತಿಂಗಳು ಅಳತೆಯ ಗುರುತಿರುವ ಕೋಲು ನೆಟ್ಟು ನೀರಿನ ಎತ್ತರ ಬರೆದಿಟ್ಟು, ಹತ್ತಿರದ ಆರೋಗ್ಯವಂತ ಕಾಡಿನ ನೆಲಮಟ್ಟದೊಂದಿಗೆ ಹೋಲಿಸಿದರೆ ಜಾಗ ಸರಿಯೋ ಅಲ್ಲವೋ ತಿಳಿಯುತ್ತದೆ. ನೀರು ಎಲ್ಲಿಂದ ಹತ್ತಿ ಎಲ್ಲಿ ನಿಲ್ಲುತ್ತದೆಂದು ಬಲೆ ಬೀಸುವವರಿಗೆ ಮೊದಲೇ ಗೊತ್ತು. ಆದ್ದರಿಂದ ಅವರು ಬೇಕಾಗಿರುವುದು ಜಾಗ ಆರಿಸುವ ಸಭೆಗೆ, ಕೂಲಿಗಲ್ಲ.

ತಮಿಳುನಾಡಿನ ಪಿಚಾವರಂನಲ್ಲಿ ಹಿಂದೆ ಮರಗಳನ್ನು ಪೂರ್ತಿ ಕಡಿದ ಕಡೆ ನೆಲ ಒಣಗಿ ಕುಸಿದು ತಟ್ಟೆಯಂತಾಯಿತು. ನಿಂತ ಉಪ್ಪುನೀರು ಆವಿಯಾಗಿ ಲವಣಾಂಶ ಏರಿತು, ಗಿಡ ಹುಟ್ಟದಾಯಿತು. ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿ ಉಬ್ಬರದ ನೀರು ಬಂದು ಹೋಗುವಂತೆ ಮಾಡಿದ ಮೇಲೆ ಕಾಡು ಮರಳಿತು. ಆದರೆ ಇಂಥ ಕಾಲುವೆಗಳಲ್ಲಿ ಹೂಳು ತುಂಬುತ್ತಲೇ ಇರುತ್ತದೆ. ಯೋಜನೆಯ ಹಣ ಮುಗಿದ ಮೇಲೂ ಹೂಳೆತ್ತಬೇಕಾದವರು ಅಲ್ಲಿನವರೇ. ಕಾಡಿನಿಂದ ಏನೂ ಸಿಗದಿದ್ದರೆ ಅವರೇಕೆ ಎತ್ತಬೇಕು?

ಕೆನ್ಯಾದ ಗಾಜಿ ಕೊಲ್ಲಿಯಲ್ಲಿ 'ಮಿಕೊಕೊ ಪಮೋಜಾ' ಎಂಬ ಊರವರ ಸಂಘಟನೆ ಸುಮಾರು 117 ಹೆಕ್ಟೇರ್ ಕಾಂಡ್ಲಾ ಕಾಯ್ದು ಕಾರ್ಬನ್ ಕ್ರೆಡಿಟ್ (ಕಾಡು ಹಿಡಿದಿಡುವ ಇಂಗಾಲದ ಲೆಕ್ಕಕ್ಕೆ ಸಿಗುವ, ಮಾರಬಹುದಾದ ಪತ್ರ) ಮಾರುತ್ತದೆ. ಆ ಹಣ ಕುಡಿಯುವ ನೀರಿಗೆ, ಶಾಲೆಗೆ ಹೋಗುತ್ತದೆ. ಎಲ್ಲೆಡೆ ಕಾರ್ಬನ್ ಮಾರಲಾಗದು. ಆದರೆ ಮೀನು, ಚಿಪ್ಪು, ಒಣಸೌದೆ ಯಾರು ಎಷ್ಟು ತೆಗೆಯಬಹುದು, ಯಾವ ತಿಂಗಳು ನಿಷೇಧ, ತಪ್ಪಿದರೆ ದಂಡವೇನು ಎಂಬ ಲಿಖಿತ ಒಪ್ಪಂದವನ್ನು ಎಲ್ಲೆಡೆ ಮಾಡಬಹುದು.

ಅನುದಾನ ಕೊಡುವವರು ನೆಟ್ಟ ಸಸಿಯ ಎಣಿಕೆಗೆ ಹಣ ಕೊಡುವುದನ್ನು ನಿಲ್ಲಿಸಲಿ. ಒಂದು ಕಂತನ್ನು ಮೊದಲ ವರ್ಷ ಬದುಕುಳಿದ ಗಿಡಕ್ಕೆ, ದೊಡ್ಡ ಕಂತನ್ನು ಮೂರನೇ ವರ್ಷಕ್ಕೆ, ಪ್ರತ್ಯೇಕ ಮೊತ್ತವನ್ನು ಹೂಳೆತ್ತಲು ಊರಿನ ಸಮಿತಿಯ ಖಾತೆಗೇ ನೇರವಾಗಿ ಹಾಕಲಿ.