ತಿದ್ದುವ ಕೆಲಸ: ಮಗಳಿಗೊಂದು ಪತ್ರ

ಕುಮಟಾ

ಪ್ರೀತಿಯ ಮೇಧಾ, ಆಶೀರ್ವಾದಗಳು.

"ಸಂಶೋಧನೆ ಎಂದು ಬೆಂಗಳೂರಿಗೆ ಬಂದೆ ಅಪ್ಪಾ, ಇಲ್ಲಿ ಇಡೀ ದಿನ ಮಿದುಳಿನ ನಕ್ಷೆಯಲ್ಲಿ ಯಂತ್ರ ಮಾಡಿದ ತಪ್ಪು ತಿದ್ದುವ ಗುಮಾಸ್ತಗಿರಿ" ಎಂದೆಯಲ್ಲ, ಆ ಮಾತು ನನಗೆ ನಾಟಿತು. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ ಹಣ್ಣುನೊಣದ ಮಿದುಳಿನ ನಕ್ಷೆಯ ಬಗ್ಗೆ ಓದಿದೆ. ಒಂದು ಮಿಲಿಮೀಟರೂ ಇಲ್ಲದ ಆ ಮಿದುಳನ್ನು ಸಾವಿರಾರು ಪದರಗಳಾಗಿ ಕೊಯ್ದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಒಂದೊಂದು ನರದ ಎಳೆಯೂ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೃತಕ ಬುದ್ಧಿಮತ್ತೆಯಿಂದ ಹುಡುಕಿಸಿದರು. 2024ರಲ್ಲಿ ನಕ್ಷೆ ಹೊರಬಂತು: 1,39,255 ನರಕೋಶಗಳು, ಐದು ಕೋಟಿಗೂ ಹೆಚ್ಚು ಸಂಪರ್ಕಗಳು. ಯಂತ್ರವಿಲ್ಲದೆ ಇದು ಆಗುತ್ತಲೇ ಇರಲಿಲ್ಲ. ಆದರೆ ಒಂದಕ್ಕೊಂದು ಒತ್ತಿಕೊಂಡಿದ್ದ ಎರಡು ಎಳೆಗಳನ್ನು ಯಂತ್ರ ಒಂದೆಂದು ಬಗೆಯುತ್ತದೆ, ತೆಳುವಾದಲ್ಲಿ ಎಳೆಯನ್ನೇ ಕೈಬಿಡುತ್ತದೆ. ಅದನ್ನು ಮನುಷ್ಯರೇ ತಿದ್ದಿದರು; ಒಬ್ಬರೇ ಕುಳಿತಿದ್ದರೆ ಸುಮಾರು 33 ವರ್ಷ ಹಿಡಿಯುವಷ್ಟು ಕೆಲಸ. ಅವರು ತಿದ್ದಿರದಿದ್ದರೆ ಆ ನಕ್ಷೆಯನ್ನು ಯಾರು ನಂಬುತ್ತಿದ್ದರು?

ಸರ್ವೆ ಇಲಾಖೆಯಲ್ಲಿ ದುಡಿದವನಾಗಿ ನಕ್ಷೆಯ ಬೆಲೆಯೂ ಗೊತ್ತು, ಮಿತಿಯೂ ಗೊತ್ತು. ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ಬಂದುಹೋಗುವ ಗದ್ದೆಗಳಲ್ಲಿ, ನೀರಿನ ದಾರಿಗಳನ್ನೆಲ್ಲ ಕರಾರುವಾಕ್ಕಾಗಿ ಗುರುತಿಸಬಹುದು. ಈಗ ಉಪ್ಪುನೀರು ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಎಂಬುದನ್ನು ಮಾತ್ರ ಆ ಗೆರೆಗಳು ಹೇಳುವುದಿಲ್ಲ, ಭರತ-ಇಳಿತ ನೋಡಿಯೇ ತಿಳಿಯಬೇಕು. ಮಿದುಳಿನದೂ ಇದೇ ಕಥೆ ಎಂದು ಕಾಣುತ್ತದೆ. 302 ನರಕೋಶಗಳ ಒಂದು ಹುಳುವಿನ ನಕ್ಷೆ 1986ರಲ್ಲೇ ಬಂದಿದೆ, ಅದರ ನಡವಳಿಕೆ ಪೂರ್ತಿ ಬಿಡಿಸಿಕೊಂಡಿಲ್ಲ. ನಮ್ಮ ತಲೆಯಲ್ಲಿರುವುದು ಸುಮಾರು 8,600 ಕೋಟಿ. ಹಾಗೆಂದು ನಕ್ಷೆ ಬೇಡವೇ? ತಪ್ಪು ನಕ್ಷೆ ಹಿಡಿದು ಹೊರಟವನಿಗೆ ನೀರಿನ ಹರಿವು ಎಂದಿಗೂ ಅರ್ಥವಾಗದು.

ಇಷ್ಟೆಲ್ಲ ಬರೆಯಲು ನಿಜವಾದ ಕಾರಣ ಅಜ್ಜಿ. ಪಾರ್ಶ್ವವಾಯು ಹೊಡೆದ ಮೇಲೆ ಅವಳಿಗೆ 'ನೀರು' ಎನ್ನಲು ಬರುವುದಿಲ್ಲ, ಕೈ ತೋರಿಸುತ್ತಾಳೆ. ಶುಕ್ರವಾರದ ಲಕ್ಷ್ಮಿಯ ಹಾಡನ್ನು ಮಾತ್ರ ಒಂದಕ್ಷರ ತಪ್ಪದೆ ಹಾಡುತ್ತಾಳೆ! ಮಾತು ಹೋದ ಅನೇಕರಲ್ಲಿ ಹಾಡು ಉಳಿಯುತ್ತದೆ ಎಂದರು ವೈದ್ಯರು. ಮಾತಿಗೂ ಹಾಡಿಗೂ ದಾರಿ ಎಲ್ಲಿ ಬೇರೆಯಾಗುತ್ತದೆ ಎಂದು ನನಗೆ ತಿಳಿಯಬೇಕು, ಮೇಧಾ. ಬರಿಯ ಕುತೂಹಲಕ್ಕಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಮಾತು ನಿಂತುಹೋಗಿದ್ದ ಮಹಿಳೆಯೊಬ್ಬರ ಮಿದುಳಿನ ಮೇಲೆ ಅದರ ವಿದ್ಯುತ್ ಸಂಕೇತ ಹಿಡಿಯುವ 253 ಎಲೆಕ್ಟ್ರೋಡ್‌ಗಳನ್ನಿಟ್ಟು, ಅವರು ಆಡಲು ಯತ್ನಿಸಿದ ಮಾತನ್ನು ಕೃತಕ ಬುದ್ಧಿಮತ್ತೆಯಿಂದ ಓದಿಸಿದ ಸುದ್ದಿಯನ್ನು 2023ರಲ್ಲಿ ನೀನೇ ಕಳಿಸಿದ್ದೆ. ನಿಮಿಷಕ್ಕೆ ಸುಮಾರು 78 ಪದ! ಅಂದು ಬಹಳ ಆಸೆಪಟ್ಟೆ. ಆದರೆ ಅವರಲ್ಲಿ ಪದಗಳು ಒಳಗೆ ಸರಿಯಾಗಿಯೇ ಇದ್ದವು, ನಾಲಿಗೆ-ತುಟಿಗಳಿಗೆ ಹೋಗುವ ದಾರಿ ಕಡಿದಿತ್ತು. ಅಜ್ಜಿಗೆ ಪೆಟ್ಟಾದದ್ದು ಪದ ಹೊಂದಿಸುವ ಜಾಗಕ್ಕೇ. ಆ ಯಂತ್ರ ಅಲ್ಲಿ ಓದುವುದಾದರೂ ಏನನ್ನು? ಅಲ್ಲಿ ಮೊದಲು ಬೇಕಾದದ್ದು ತಿಳುವಳಿಕೆ, ಅದಕ್ಕೆ ನಿನ್ನಂಥವರು ಎಳೆ ಎಳೆಯಾಗಿ ನೋಡಿ ತಿದ್ದಬೇಕು. ಈ ಕೆಲಸ ಬಿಡಬೇಡ.

ಚೌತಿಗೆ ಬಂದಾಗ ಅಜ್ಜಿಯ ಸ್ಕ್ಯಾನ್ ಚಿತ್ರಗಳನ್ನು ನೋಡು. ಕಪಾಟಿನಲ್ಲಿಟ್ಟಿದ್ದೇನೆ. ಯಾವುದು ಯಾವ ಭಾಗ ಎಂದು ನನಗೂ ನಿನ್ನ ಅಮ್ಮನಿಗೂ ಬೆರಳಿಟ್ಟು ತೋರಿಸಬೇಕು.

ನಿನ್ನ ಅಪ್ಪ