ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದವರಿಗೆ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡ ಗಂಡಸರ ಹಾರ್ಮೋನ್ ಮತ್ತು ವೀರ್ಯ ತಪಾಸಣೆಗೆಂದೇ ಶುರುವಾದ ನಮ್ಮ ಹೊರರೋಗಿ ವಿಭಾಗಕ್ಕೆ ಈ ವಾರ ಒಂದು ವರ್ಷ ತುಂಬಿತು. ಸರ್ಜನ್‌ಗಳ ಹೆಸರು ಬೋರ್ಡಿನ ಮೇಲೆ ಹೇಗೂ ಇರುತ್ತದೆ. ಬೋರ್ಡಿನಲ್ಲಿ ಇಲ್ಲದವರಿಗೆ ಈ ನಮಸ್ಕಾರ.

ಮೊದಲು ರಕ್ತ ತೆಗೆಯುವ ಲ್ಯಾಬ್ ಸಿಬ್ಬಂದಿಗೆ. ಗಂಡಸರ ಮುಖ್ಯ ಹಾರ್ಮೋನ್ ಟೆಸ್ಟೋಸ್ಟೆರಾನ್ ಬೆಳಗಿನ ಹೊತ್ತು ಏರಿರುತ್ತದೆ, ಆಮೇಲೆ ಇಳಿಯುತ್ತದೆ, ತಿಂಡಿ ತಿಂದರೂ ಇಳಿಯುತ್ತದೆ. ಮಧ್ಯಾಹ್ನ ರಕ್ತ ಕೊಟ್ಟರೆ ಇಲ್ಲದ ಕೊರತೆ ರಿಪೋರ್ಟಿನಲ್ಲಿ ಕಾಣಿಸಿಬಿಡುತ್ತದೆ. “ತಿಂಡಿ ಆಗಿದೆಯಾ? ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಸರ್” ಎಂದು ವಾಪಸ್ ಕಳಿಸಿ ಬೈಸಿಕೊಂಡವರು ಇವರೇ. ಬೇರೆ ಬೇರೆ ಎರಡು ದಿನ, ಎಂಟರಿಂದ ಹತ್ತರೊಳಗೆ ತೆಗೆದ ರಕ್ತದಲ್ಲಿ ಎರಡೂ ಸಲ ಕಡಿಮೆ ಬಂದರೆ ಮಾತ್ರ ಅದು ಕೊರತೆ. ಬೊಜ್ಜಿದ್ದವರಲ್ಲಿ ಹಾರ್ಮೋನನ್ನು ಹೊತ್ತೊಯ್ಯುವ ಎಸ್‌ಎಚ್‌ಬಿಜಿ ಪ್ರೋಟೀನೂ ತಗ್ಗಿರುತ್ತದೆ. ಅದರಿಂದಲೇ ಒಟ್ಟು ಟೆಸ್ಟೋಸ್ಟೆರಾನ್ ಕಡಿಮೆ ಕಾಣಬಹುದು, ಹಾಗಾಗಿ ಅದೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ.

ಔಷಧಿ ಅಂಗಡಿಯಲ್ಲಿ ಕೂರುವ ಫಾರ್ಮಸಿಸ್ಟರಿಗೆ ವಿಶೇಷ ಕೃತಜ್ಞತೆ. ಹೊರಗೆಲ್ಲೋ ಬರೆಸಿಕೊಂಡು ಬಂದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚೀಟಿ ಕಂಡರೆ “ಮಕ್ಕಳಾಗಬೇಕಾ?” ಎಂದು ಕೇಳಿಯೇ ಮುಂದಿನ ಮಾತು. ಕೊಬ್ಬಿನಲ್ಲಿರುವ ಅರೋಮಟೇಸ್ ಕಿಣ್ವ ಟೆಸ್ಟೋಸ್ಟೆರಾನನ್ನು ಹೆಂಗಸರ ಹಾರ್ಮೋನ್ ಎನ್ನುವ ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತದೆ. ಈಸ್ಟ್ರೋಜೆನ್ ಹೆಚ್ಚಾದರೆ ಮೆದುಳು ವೃಷಣಕ್ಕೆ ಸಂಕೇತವಾಗಿ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್ ಕಳಿಸುವುದನ್ನು ತಗ್ಗಿಸುತ್ತದೆ, ವೃಷಣದ ಕೆಲಸ ನಿಧಾನವಾಗುತ್ತದೆ. ತೂಕ ಇಳಿದರೆ ಈ ಹಿಡಿತ ತಾನಾಗಿ ಸಡಿಲುತ್ತದೆ. ಇಂಜೆಕ್ಷನ್ ಆದರೋ ಮೆದುಳಿನ ಸಂಕೇತವನ್ನು ಇನ್ನಷ್ಟು ಅಡಗಿಸಿ ವೀರ್ಯಾಣುವನ್ನು ಸೊನ್ನೆಗೂ ಇಳಿಸಬಹುದು.

ವೀರ್ಯ ಪರೀಕ್ಷೆಯ ತಂತ್ರಜ್ಞರು ಸಂಕೋಚದಿಂದ ಕುಗ್ಗಿ ಬಂದವರನ್ನು ಮಾಮೂಲಿಯಂತೆ ಮಾತಾಡಿಸಿದರು. ಎರಡರಿಂದ ಏಳು ದಿನ ವೀರ್ಯ ಸ್ಖಲನವಿಲ್ಲದೆ ಇದ್ದು ಬನ್ನಿ, ಮನೆಯಿಂದ ತರುವುದಾದರೆ ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿ ಒಂದು ಗಂಟೆಯೊಳಗೆ ತಲುಪಿಸಿ ಎಂದು ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿದರು. ಹಾರ್ಮೋನ್ ಏರಿತೆಂದ ಮಾತ್ರಕ್ಕೆ ವೀರ್ಯಾಣು ಹೆಚ್ಚುತ್ತದೆಂಬ ಖಾತ್ರಿ ಇಲ್ಲ. ಆಪರೇಷನ್ ನಂತರ ತೂಕ ಸರ್ರನೆ ಇಳಿಯುವ ತಿಂಗಳುಗಳಲ್ಲಿ ಕೆಲವರ ಎಣಿಕೆ ಕುಸಿಯುವುದೂ ಉಂಟು. ಅದಕ್ಕೇ ಮಗು ಬೇಕೆನ್ನುವವರು ಆಪರೇಷನ್‌ಗೆ ಮೊದಲೇ ಒಮ್ಮೆ ಪರೀಕ್ಷಿಸಿ ಮಾದರಿ ಶೈತ್ಯದಲ್ಲಿ ಇಡಿಸುವುದು ಜಾಣತನ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಮೂರು ತಿಂಗಳೊಳಗೆ ಮತ್ತೆ ಪರೀಕ್ಷಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಚಲಿಸುವವು ಶೇ. 42.

ಆಹಾರ ತಜ್ಞೆಯರು ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನನ್ನು ಬೇಳೆಕಟ್ಟು, ಮೊಟ್ಟೆ, ಮೊಸರಿನ ಲೆಕ್ಕಕ್ಕೆ ಇಳಿಸಿಕೊಟ್ಟರು. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಬೇಕು, ಬಿ12 ಮತ್ತು ಸತು ತಪ್ಪಿಸಬಾರದು ಎಂದು ಗೋಳುಹೊಯ್ದುಕೊಂಡರು. ಸತು ಕೊರತೆಯಾದರೆ ವೀರ್ಯಾಣುವಿಗೂ ಪೆಟ್ಟು. ಪದೇ ಪದೇ ವಾಂತಿಯಾಗಿ ಬಂದವರಿಗೆ ಗ್ಲೂಕೋಸ್ ಡ್ರಿಪ್‌ಗೆ ಮುಂಚೆ ಥಯಾಮಿನ್ (ವಿಟಮಿನ್ ಬಿ1) ಹಾಕಬೇಕೆಂದು ಮರೆಯದೆ ನೆನಪಿಸಿದ ರಾತ್ರಿ ಪಾಳಿಯ ನರ್ಸಕ್ಕಂದಿರಿಗೆ ಎಷ್ಟು ಹೇಳಿದರೂ ಕಡಿಮೆಯೇ. ಅದು ತಪ್ಪಿದರೆ ನರಗಳಿಗೂ ಮೆದುಳಿಗೂ ಆಗುವ ಹಾನಿ ಮತ್ತೆ ಸರಿಹೋಗದೇ ಇರಬಹುದು.

ಇನ್ನು ಹೆಂಗಸರು. ಗಂಡನ ಒಂದು ಪರೀಕ್ಷೆಯೂ ಆಗುವ ಮೊದಲೇ ಸ್ಕ್ಯಾನ್, ಗರ್ಭನಾಳದ ಟ್ಯೂಬ್ ಟೆಸ್ಟ್ ಎಲ್ಲ ಮುಗಿಸಿ ಬಂದವರು ಎಷ್ಟೋ ಮಂದಿ. ಅವರ ತಾಳ್ಮೆಗೆ, ಅವರ ಮಾತು ಕೇಳಿ ಜೊತೆಗೆ ಬಂದ ಗಂಡಂದಿರಿಗೆ ಕೈಮುಗಿಯುತ್ತೇವೆ. ಸೋಮವಾರದಿಂದ ರಕ್ತ ತೆಗೆಯುವ ಕೋಣೆ ಏಳೂವರೆಗೇ ತೆರೆದಿರುತ್ತದೆ.